ಮಂಗೋಲಿಯನ್ ‘ಬೈಜೇ’: ‘ಇದ್ದ’ನೋ ‘ಇದ್ದನಂತೆ’ಯೋ?

ಎಲ್ಲರಿಗೂ ನಮಸ್ಕಾರ. ಮಂಗೋಲಿಯಾದ ಜನಪದ ಕಥೆಯೊಂದನ್ನು ಮಕ್ಕಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಮುಂಡಗೋಡದಲ್ಲಿ ಓದುತ್ತಿರುವ ಅಲ್ಲಿನ ಭಿಕ್ಷುವೊಬ್ಬರು ಹೇಳಿದ ಕಥೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮೊದಲ ಸಾಲು ‘ಬೈಜೇ’ ಅಂತ ಮುಗಿಯುತ್ತದೆ. ‘ಒಬ್ಬ ಮುದುಕ ಇದ್ದ’ ಎಂದು ಬರೆದೆ. ಅವರು ಒಪ್ಪಲಿಲ್ಲ, ಅದು ‘ಬೈಸನ್’ (ಬರೀ ‘ಇದ್ದ’) ಆಯ್ತು ಅಂದರು. ಕೊನೆಯ ಟಿಪ್ಪಣಿಯಲ್ಲಿ ಈ ‘ಜೇ’ ರೂಪಕ್ಕೆ ಹೆಸರೂ ಬೇಕು. ‘ಪರೋಕ್ಷ ಭೂತ’ ಅನ್ನಬಹುದಾ?

*

ಬೇಡ. ಮಕ್ಕಳ ಪುಸ್ತಕದಲ್ಲಿ ಪರೋಕ್ಷವೂ ಬೇಡ, ಭೂತವೂ ಬೇಡ. ‘ಕಾಣದ ಹಿಂಬೊತ್ತು’ ಅನ್ನಿ, ಹಿಂಬೊತ್ತು ಅಂದರೆ ಭೂತಕಾಲ.

*

ಹೆಸರು ಆಮೇಲೆ. ಮೊದಲು ಬಳಕೆ ನೋಡಿ. ಬೆಳಿಗ್ಗೆ ಎದ್ದಾಗ ಅಂಗಳ ಒದ್ದೆ. ಮಳೆ ಬಂದದ್ದನ್ನು ನೀವು ನೋಡಿಲ್ಲ. ಆಗ ‘ಬೊರೋ ಒರ್ಜೇ’, ನಮ್ಮ ‘ಮಳೆ ಬಂದಿದೆ’. ತಲೆ ಮೇಲೆ ಈಗಷ್ಟೇ ಹನಿ ಬಿತ್ತು. ಆಗ ‘ಬೊರೋ ಒರ್ಲೋ’, ‘ಮಳೆ ಬಂತು’. ಸುಮ್ನೆ ನಿನ್ನೆಯ ಸುದ್ದಿ ಹೇಳುವಾಗ ‘ಒರ್ಸೊನ್’, ನಿಮ್ಮ ‘ಬೈಸನ್’ನ ರೂಪವೇ. ಈ ‘ಲೋ’ ಸ್ವರಕ್ಕೆ ತಕ್ಕಂತೆ ‘ಲಾ’ ಕೂಡ ಆಗುತ್ತದೆ. ಹೊರಡಲು ಎದ್ದವರು ‘ಬಿ ಯವ್ಲಾ’ ಅನ್ನುತ್ತಾರೆ, ‘ನಾನು ಹೊರಟೆ’. ಇನ್ನೂ ಹೊಸಿಲು ದಾಟಿರುವುದಿಲ್ಲ! ಒಳಗಿನಿಂದಲೇ ‘ಬಂದೆ, ಇರು’ ಅನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ‘ಜೇ’ ಬಂದಲ್ಲೆಲ್ಲ ‘ಅಂತೆ’ ಹಾಕಬೇಡಿ. ಗುರುತು ನೋಡಿ ಊಹಿಸಿದ್ದಕ್ಕೆ ‘ಇದೆ’ ಸಾಕು. ಕಥೆಗೆ ಮಾತ್ರ ‘ಅಂತೆ’: ‘ಒಬ್ಬ ಮುದುಕ ಇದ್ದನಂತೆ’. ನಮ್ಮ ಅಜ್ಜಿಯೂ ಹೀಗೇ ಶುರು ಮಾಡುತ್ತಿದ್ದಳು.

ಇನ್ನು ‘ಪರೋಕ್ಷ’. ಹೇಳುವವನು ಕಣ್ಣಾರೆ ಕಾಣದ ಹಿಂದಿನ ಸಂಗತಿಗೆ ಪಾಣಿನಿ ಇಟ್ಟ ಮಾತು ಅದೇ, ‘ಪರೋಕ್ಷೇ ಲಿಟ್’ (‘ಲಿಟ್’ ಅನ್ನೋದು ಆ ಕ್ರಿಯಾರೂಪದ ಹೆಸರು). ಇಷ್ಟು ಸರಿಯಾಗಿ ಹೊಂದುವ ಪದವನ್ನು ಬಿಡೋದು ಯಾಕೆ?

*

ಪಾಣಿನಿ ಬರೆದದ್ದು ಸಂಸ್ಕೃತಕ್ಕೆ. ಕನ್ನಡಕ್ಕಲ್ಲ.

*

ಮಂಗೋಲಿಯನ್ನರು ಹೀಗೆ ಬಾಗಿಲು ಹಾಕಿಕೊಂಡಿಲ್ಲ ಸರ್. ಅವರ ‘ಎರ್ದೆನೆ’ ನಮ್ಮ ‘ರತ್ನ’ವೇ. ಪುಸ್ತಕಕ್ಕೆ ಅವರು ಅನ್ನುವ ‘ನೊಮ್’ ಗ್ರೀಕಿನ ‘ನೊಮೊಸ್’ (ನಿಯಮ), ಮಧ್ಯ ಏಷ್ಯಾದ ಹಳೆಯ ವ್ಯಾಪಾರಿ ಜನ ಸೊಗ್ದಿಯನ್ನರ ಕೈದಾಟಿ ಬಂದದ್ದು.

*

ತಗೊಂಡರು, ನಿಜ. ಆದರೆ ಪದದ ಮೊದಲಲ್ಲಿ ‘ರ’ ತಮ್ಮ ನಾಲಿಗೆಗೆ ಒಗ್ಗದು ಅಂತ ಮುಂದೆ ‘ಎ’ ಸೇರಿಸಿಕೊಂಡರು. ನಾವೂ ‘ರಾಜ’ನನ್ನು ‘ಅರಸ’ ಮಾಡಿದವರೇ ಅಲ್ವಾ? ಪರೋಕ್ಷವನ್ನು ಯಾವ ನಾಲಿಗೆ ಪಳಗಿಸಿದೆ, ತೋರಿಸಿ.

*

ಇಬ್ಬರಿಗೂ ಧನ್ಯವಾದ. ‘ಇದ್ದನಂತೆ’ ಅಂತ ತಿದ್ದಿದೆ. ಟಿಪ್ಪಣಿಯಲ್ಲಿ ಹೆಸರು ಕೊಡದೆ, ಒದ್ದೆ ಅಂಗಳದ ಮಾತನ್ನೇ ಬರೆದಿದ್ದೇನೆ.