ನಂದಿದುರ್ಗದ 24 ಕಾಲಾಳುಗಳು: ಆಯುಧಪೂಜೆಯೊಳಗೆ ಬಣ್ಣ ಮುಗಿಸುವ ಬಗೆ ಹೇಗೆ?

ಪ್ರಶ್ನೆ: ಕ್ಯಾತ್ಸಂದ್ರದ ಕುಂಚ, ತುಮಕೂರು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಹಂಚಿಹೋಗಿರುವ ನಾವು ಐವರು ಗೆಳೆಯರು, ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ಆಡುವ ಯುದ್ಧದಾಟಕ್ಕಾಗಿ ಈ ವರ್ಷ ಒಂದು ಸ್ನೇಹದ ಪಂದ್ಯ ಕಟ್ಟಿಕೊಂಡಿದ್ದೇವೆ. ಒಬ್ಬೊಬ್ಬರೂ 28 ಮಿಲಿಮೀಟರ್ ಅಳತೆಯ 24 ಕಾಲಾಳುಗಳಿಗೆ ಬಣ್ಣ ಹಚ್ಚಿ, ಆಯುಧಪೂಜೆಯ ದಿನ ಒಂದೇ ಮೇಜಿನ ಮೇಲೆ ತಂದು ನಿಲ್ಲಿಸಬೇಕು. ಬಹುಮಾನವೇನೂ ಇಲ್ಲ, ಮುಗಿಸದವರು ಉಳಿದವರಿಗೆಲ್ಲ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಬೇಕೆಂಬುದಷ್ಟೇ ಕರಾರು. ನಾವು ಆರಿಸಿಕೊಂಡ ಪ್ರಸಂಗ, ಟಿಪ್ಪುವಿನ ಮೈಸೂರು ಪಡೆಯ ಕೈಲಿದ್ದ ಕೋಟೆಗೆ ಇಂಗ್ಲಿಷ್ ಕಂಪನಿಯ ಸೇನೆ ಹಾಕಿದ 1791ರ ನಂದಿದುರ್ಗದ ಮುತ್ತಿಗೆ, ನನ್ನ ಪಾಲಿಗೆ ಬಂದದ್ದು ಮೈಸೂರಿನ ಕಾಲಾಳುಪಡೆ.

ಗೌರಿಹಬ್ಬ ಮುಗಿಯಿತು, ಇನ್ನುಳಿದಿರುವುದು ಐದು ವಾರ. ಮುಗಿದಿರುವ ಬೊಂಬೆಗಳು ಏಳು ಮಾತ್ರ, ಮತ್ತು ಆ ಏಳಕ್ಕೆ ನಾನು ತಲಾ ಮೂರು ಗಂಟೆ ವ್ಯಯಿಸಿದ್ದೇನೆ. ಉಳಿದ 17ರಲ್ಲಿ ಐದು ಬೊಂಬೆಗಳ ಪ್ರೈಮರ್ (ಬಣ್ಣಕ್ಕೆ ಮೊದಲು ಸಿಂಪಡಿಸುವ ಅಡಿಲೇಪ) ಸ್ಯಾಂಡ್ ಪೇಪರಿನಂತೆ ಒರಟಾಗಿ ಕೂತಿದೆ. ಆಷಾಢದ ಒಂದು ಮಧ್ಯಾಹ್ನ ತಾರಸಿಯ ಮೇಲೆ, ಹೊಗೆ ಮೂಗಿಗೆ ಬರದಿರಲೆಂದು ಕೈಯಳತೆಯ ದೂರದಿಂದ ಸಿಂಪಡಿಸಿದ್ದೆ. ಮೋಡ ಕವಿದಿತ್ತಾದ್ದರಿಂದ ಗಾಳಿಯಲ್ಲಿನ ತೇವದಿಂದ ಹೀಗಾಯಿತೆಂದು ನನ್ನ ಊಹೆ. ಎರಡನೆಯ ತೊಂದರೆ ವಾಷ್‌ನದು. ಕಪ್ಪು ಮಿಶ್ರಿತ ಕಂದು ಬಣ್ಣವನ್ನು ನೀರಿನಲ್ಲಿ ತೆಳುಮಾಡಿ ಮಡಿಕೆಗಳಿಗೆ ಹರಿಸಿದರೆ, ಒಣಗಿದ ಮೇಲೆ ಲೋಟದಡಿಯ ಕಾಫಿ ಕಲೆಯಂಥ ಅಂಚು, ಅದರ ಸುತ್ತ ಸುಣ್ಣದಂಥ ಬಿಳಿ ಗೆರೆ ಉಳಿಯುತ್ತವೆ. ಮೂರನೆಯದು, ಅಂಗಿಯ ಮೇಲಿನ ಹುಲಿಪಟ್ಟೆ: ಎಂಟು ಮಿಲಿಮೀಟರಿನ ಎದೆಯ ಮೇಲೆ ಅದನ್ನು ಬರೆಯಲು ಹೋಗಿ ಎರಡು ಬಾರಿ ಅಳಿಸಿದ್ದೇನೆ. ನನ್ನ ಪಾಲಿನಲ್ಲಿ ನಾಲ್ವರು ರಾಕೆಟ್ ಆಳುಗಳೂ ಇದ್ದಾರೆ. ಅವರ ರಾಕೆಟ್ಟಿನ ಗಳುಗಳು ಟಪಾಲಿನಲ್ಲೇ ಬಾಗಿ ಮುರಿದು ಬಂದಿವೆ. ಅನುಭವಿಗಳು ದಾರಿ ತೋರಬೇಕಾಗಿ ವಿನಂತಿ. ಬೇಗ ಮುಗಿಸಲು ಸುಲಭದ ಮಾರ್ಗ ಹಿಡಿದರೆ ಅದು ಪಂದ್ಯಕ್ಕೆ ಮಾಡುವ ಮೋಸವಾದೀತೇ ಎಂಬ ಅಳುಕೂ ನನಗಿದೆ.

ಉತ್ತರ 1: ಏಕಶಿಲೆಯ ನೆರಳು, ಮಧುಗಿರಿ

ಮೊದಲು ಪ್ರೈಮರಿನ ಮಾತು. ಇಂಗ್ಲೆಂಡಿನವರ ವಿಡಿಯೋ ನೋಡಿ ಈ ಹವ್ಯಾಸ ಕಲಿತ ನಾವೆಲ್ಲರೂ ತೇವಕ್ಕೆ ಹೆದರುತ್ತೇವೆ, ಏಕೆಂದರೆ ಅವರ ಊರಿನ ಕಾಟ ಅದು. ನಮ್ಮ ಬಯಲುಸೀಮೆಯ ಆಷಾಢದಲ್ಲಾದರೋ ಮಳೆ ಕೈಕೊಟ್ಟೀತು, ಗಾಳಿ ಕೈಕೊಡುವುದಿಲ್ಲ. ತೇವ ಹೆಚ್ಚಿದ್ದಾಗ ಸಿಂಪಡಿಸಿದರೆ ಸಾಮಾನ್ಯವಾಗಿ ಮಂಜು ಕವಿದಂತೆ ಬಿಳುಪು ಕಾಣುತ್ತದೆ. ನೀವು ಹೇಳುವ ಒರಟುತನ ಬಹುಮಟ್ಟಿಗೆ ಬರುವುದು, ಹನಿಗಳು ಬೊಂಬೆಯನ್ನು ಮುಟ್ಟುವ ಮೊದಲೇ ದಾರಿಯಲ್ಲಿ ಒಣಗಿ ಪುಡಿಯಾಗಿ ಅಂಟಿಕೊಂಡಾಗ. ಮಧ್ಯಾಹ್ನ, ತಾರಸಿ, ಕೈಯಳತೆಯ ದೂರ ಎಂದು ನೀವೇ ಮೂರು ಕಾರಣ ಬರೆದಿದ್ದೀರಿ. ಬೆಳಿಗ್ಗೆ ಆರೂವರೆ ಏಳರ ಹೊತ್ತಿಗೆ ಗಾಳಿ ಏಳುವ ಮೊದಲು, ಒಂದು ಕಡೆ ತೆರೆದ ರಟ್ಟಿನ ಪೆಟ್ಟಿಗೆಯೊಳಗೆ ಬೊಂಬೆಗಳನ್ನಿಟ್ಟು, ಡಬ್ಬಿಯನ್ನು ಪೂರ್ತಿ ಎರಡು ನಿಮಿಷ ಕುಲುಕಿ, 20ರಿಂದ 30 ಸೆಂಟಿಮೀಟರ್ ದೂರದಿಂದ ಚಿಕ್ಕ ಚಿಕ್ಕ ಬೀಸುಗಳಲ್ಲಿ ಸಿಂಪಡಿಸಿ. ಹೊಗೆಯ ಭಯಕ್ಕೆ ದೂರ ಸರಿಯುವ ಬದಲು ಮಾಸ್ಕ್ ಹಾಕಿಕೊಳ್ಳಿ. ಕೆಟ್ಟಿರುವ ಐದನ್ನು ಈಗಲೇ ಬಣ್ಣ ಬಿಡಿಸುವ ರಾಸಾಯನಿಕದಲ್ಲಿ ಮುಳುಗಿಸಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಣದಾಗಿ ಉಜ್ಜಿದರೆ ಪುಡಿಯ ಬಹುಪಾಲು ಉದುರುತ್ತದೆ.

ಇನ್ನು ಸಮಯದ ಲೆಕ್ಕ. ಏಳು ಬೊಂಬೆಗೆ 21 ಗಂಟೆ ಹೋಗಿರುವುದು ನಿಮ್ಮ ಕೈ ನಿಧಾನವೆಂದಲ್ಲ. ಒಂದು ಬೊಂಬೆ ಮುಗಿಸಿ ಇನ್ನೊಂದನ್ನು ಕೈಗೆತ್ತಿಕೊಳ್ಳುವ ಕ್ರಮದಲ್ಲಿ ಬಣ್ಣ ಕಲಸುವುದಕ್ಕೆ, ಕುಂಚ ತೊಳೆಯುವುದಕ್ಕೆ, ಒಣಗಲು ಕಾಯುವುದಕ್ಕೆ ಅರ್ಧ ಹೊತ್ತು ಸೋರಿಹೋಗುತ್ತದೆ. ಉಳಿದ 17ನ್ನೂ ನೀರಿನ ಬಾಟಲಿಯ ಮುಚ್ಚಳಗಳ ಮೇಲೆ ಡಬಲ್ ಟೇಪಿನಿಂದ ನಿಲ್ಲಿಸಿ, ಮೊದಲನೆಯದರಿಂದ ಹದಿನೇಳನೆಯದರವರೆಗೆ ಒಂದೇ ಬಣ್ಣವನ್ನು ಹಚ್ಚುತ್ತ ಹೋಗಿ. ಕೊನೆಯದನ್ನು ಮುಟ್ಟುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಮೈಬಣ್ಣ, ಅಂಗಿ, ಚಲ್ಲಣ, ಪೇಟ ಮತ್ತು ನಡುಕಟ್ಟು, ಚರ್ಮದ ಪಟ್ಟಿಗಳು, ಕೋವಿ, ವಾಷ್, ಉಬ್ಬಿದ ಕಡೆ ತಿಳಿಬಣ್ಣ ಎತ್ತುವ ಕೊನೆಯ ಹೈಲೈಟ್ ಎಂದು ಎಂಟು ಹಂತವಿಟ್ಟುಕೊಂಡು, ಪ್ರತಿ ಹಂತಕ್ಕೂ ಬೊಂಬೆಗೆ ನಾಲ್ಕೇ ನಿಮಿಷ ಕೊಟ್ಟರೆ 544 ನಿಮಿಷ, ಎಂದರೆ ಒಂಬತ್ತು ಗಂಟೆ ಚಿಲ್ಲರೆ. ಐದು ವಾರಕ್ಕೆ ಇದು ಭಾರವೇ ಅಲ್ಲ.

ಮೋಸದ ಪ್ರಶ್ನೆ ನನಗೆ ಅರ್ಥವಾಗುವುದಿಲ್ಲ. ಆಟದ ಮೇಜಿನ ಎದುರು ನಿಂತವರ ಕಣ್ಣಿಗೂ ಬೊಂಬೆಗೂ ಕನಿಷ್ಠ ಮೂರು ಅಡಿ ಅಂತರವಿರುತ್ತದೆ. ಅಲ್ಲಿಂದ ಕಾಣುವುದು ಪಡೆಯ ಸಾಲು. ಅದರೊಳಗಿನ ಗುಂಡಿಯನ್ನು ಎಣಿಸುವವರು ಯಾರೂ ಇರುವುದಿಲ್ಲ. ನೀವು ಕಷ್ಟಪಟ್ಟು ಮಾಡಿರುವ ಏಳನ್ನು ಮುಂದಿನ ಸಾಲಿಗೆ ಹಾಕಿ. ಹಿಂದಿನವರು ಅವರ ಮರೆಯಲ್ಲಿ ಮರ್ಯಾದೆ ಉಳಿಸಿಕೊಳ್ಳುತ್ತಾರೆ.

ಉತ್ತರ 2: ನಂದಿ ತಪ್ಪಲಿನವ, ಚಿಕ್ಕಬಳ್ಳಾಪುರ

ಮಧುಗಿರಿಯ ಮಿತ್ರರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಮುಖವನ್ನು ಅದರಿಂದ ಹೊರಗಿಡಬೇಕು. ಅಂಗಿ, ಚಲ್ಲಣ, ಕೋವಿಗಳನ್ನು ಯಂತ್ರದಂತೆ ಹಚ್ಚಿದರೂ ಯಾರಿಗೂ ಗೊತ್ತಾಗದು. ಮುಖಗಳನ್ನು ಹಾಗೆ ಹಚ್ಚಿದರೆ ಮೂರು ಅಡಿಯಿಂದಲೂ ಗೊತ್ತಾಗುತ್ತದೆ. ನಮ್ಮ ಕಡೆಯ ಸೈನಿಕರನ್ನು ಬರೆಯುವಾಗಂತೂ ಇನ್ನೊಂದು ತೊಡಕಿದೆ. ಅಂಗಡಿಯಲ್ಲಿ ‘ಫ್ಲೆಶ್’ ಎಂದು ಹೆಸರಿಟ್ಟು ಮಾರುವ ಬಣ್ಣ ಗುಲಾಬಿಯತ್ತ ವಾಲಿದ ಐರೋಪ್ಯರ ಮೈಬಣ್ಣ. ಅದಕ್ಕೇ ಕಂದು ಬೆರೆಸಿ ಕಪ್ಪಾಗಿಸಿದರೆ ಬಿಸಿಲಿಗೆ ಕಂದಿದ, ಇಂಗ್ಲಿಷ್ ಸೇನಾಪತಿ ಕಾರ್ನವಾಲಿಸನ ಬಿಳಿಯ ಸೈನಿಕನಂತೆ ಕಾಣುತ್ತದೆಯೇ ಹೊರತು ಶಿಡ್ಲಘಟ್ಟದ ರೈತನ ಮಗನಂತೆ ಕಾಣುವುದಿಲ್ಲ. ಕೆಂಗಂದಿನ ಬರ್ನ್ಟ್ ಸಿಯೆನ್ನಾವನ್ನು ಆಧಾರವಾಗಿಟ್ಟುಕೊಳ್ಳಿ. ನೆರಳಿಗೆ ಕಡುಗಂದಿನ ಬರ್ನ್ಟ್ ಅಂಬರ್, ಅದರಲ್ಲಿ ಒಂದು ಹನಿ ನೇರಳೆ. ಬೆಳಕು ಬೀಳುವ ಮೂಗಿನ ತುದಿ, ಕೆನ್ನೆಯ ಮೂಳೆ, ಗದ್ದಗಳಿಗೆ ಆಧಾರದ ಬಣ್ಣಕ್ಕೆ ಮಣ್ಣುಹಳದಿಯ ಯೆಲ್ಲೋ ಓಕರ್ ಬೆರೆಸಿ ಎತ್ತಿ. ಅಲ್ಲಿ ಬಿಳಿಯನ್ನು ಬೆರೆಸಿದಿರೋ ಕಂದು ಚರ್ಮ ಬೂದಿ ಬಳಿದಂತೆ ಮಂಕಾಗುತ್ತದೆ. ಹೊಸಬರ ಕೆಲಸದಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದೇ, ನನ್ನ ಮೊದಲ ಎರಡು ವರ್ಷದ ಬೊಂಬೆಗಳೂ ಭಸ್ಮಧಾರಿಗಳೇ. ಒಂದು ಪಡೆಯಲ್ಲಿ ಎಲ್ಲರ ಮೈಬಣ್ಣವೂ ಒಂದೇ ಆಗಿರಲು ಸಾಧ್ಯವಿಲ್ಲವಾದ್ದರಿಂದ, ಆಧಾರವನ್ನೇ ಮೂರು ಬಗೆಯಾಗಿ ಕಲಸಿಕೊಂಡು ಸಾಲಿನಲ್ಲಿ ಚದುರಿಸಿ. ಕಣ್ಣುಗುಡ್ಡೆ ಬರೆಯಲು ಹೋಗಬೇಡಿ. ಹುಬ್ಬಿನ ಕೆಳಗೆ ಎಳೆದ ಒಂದು ಕಪ್ಪುಗಂದು ಗೆರೆ ಸಾಕು. ಮುಖಕ್ಕೆ ಹೆಚ್ಚುವರಿಯಾಗಿ ಆರು ನಿಮಿಷ ಕೊಟ್ಟರೂ 17ಕ್ಕೆ ಎರಡು ಗಂಟೆ ದಾಟುವುದಿಲ್ಲ.

ಹುಲಿಪಟ್ಟೆಯ ವಿಷಯದಲ್ಲಿ ನೀವು ‘ಪಟ್ಟೆ’ ಎಂಬ ಪದಕ್ಕೆ ಸಿಕ್ಕಿಕೊಂಡಿದ್ದೀರಿ. ಬಬ್ರಿ ಎಂದು ಕರೆಯುವ ಆ ವಿನ್ಯಾಸ ಉದ್ದುದ್ದದ ಗೆರೆಯಾಗಿರದೆ, ನೇರಳೆ ಬಟ್ಟೆಯ ಮೇಲೆ ಚದುರಿದ ತಿಳಿ ಬಣ್ಣದ ಗುರುತುಗಳಾಗಿರುತ್ತದೆ. ಈ ಅಳತೆಯಲ್ಲಿ ಅದನ್ನು ನಕಲು ಮಾಡಲಾಗದು, ಸೂಚಿಸಬೇಕು. ವಾಷ್ ಪೂರ್ತಿ ಒಣಗಿದ ಮೇಲೆಯೇ, ಚೂಪು ತುದಿಯ ಒಂದನೇ ನಂಬರಿನ ಕುಂಚದಿಂದ ಅಲ್ಪವಿರಾಮದಂಥ ಗುರುತುಗಳನ್ನು ಎದೆಗೆ ಐದು, ಬೆನ್ನಿಗೆ ಐದು, ತೋಳಿಗೆ ಎರಡೆರಡು ಇಡಿ. ಮೊದಲೇ ಇಟ್ಟು ಮೇಲೆ ವಾಷ್ ಹರಿಸಿದರೆ ಗುರುತುಗಳು ಮುಳುಗಿಹೋಗುತ್ತವೆ. ನೀವು ಎರಡು ಬಾರಿ ಅಳಿಸಬೇಕಾಗಿ ಬಂದದ್ದು ಅದರಿಂದಲೇ ಇರಬಹುದು. ತೀರ ಸಣ್ಣ ಕುಂಚವನ್ನು ಕೊಳ್ಳಬೇಡಿ, ಅದರ ತುದಿಯ ಬಣ್ಣ ಬೊಂಬೆಯನ್ನು ಮುಟ್ಟುವ ಮೊದಲೇ ಒಣಗುತ್ತದೆ.

ರಾಕೆಟ್ಟಿನ ಗಳುವಿಗೆ ತೆಂಗಿನ ಪೊರಕೆಯ ಕಡ್ಡಿಯೇ ಸಾಕು. ಬಾಗಿದರೂ ಮುರಿಯದು, ಬಣ್ಣವಿಲ್ಲದೆಯೂ ಒಣಬಿದಿರಿನಂತೆ ಕಾಣುತ್ತದೆ. ತುದಿಯ ಕಬ್ಬಿಣದ ಕೊಳವೆಯನ್ನು ಮಾತ್ರ ಉದ್ದ ಮಾಡಬೇಡಿ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರಿನ ಹಳೆಯ ಬಾವಿಯಲ್ಲಿ ದೊರೆತ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ನೆನಪಿಸಿಕೊಳ್ಳಿ, ಅವು ಗೇಣುದ್ದದವು. 28 ಮಿಲಿಮೀಟರಿನ ಬೊಂಬೆ ಹೆಚ್ಚುಕಡಿಮೆ ಅರವತ್ತನೇ ಒಂದರ ಅಳತೆಯಾದ್ದರಿಂದ ಕೊಳವೆ ನಾಲ್ಕು ಮಿಲಿಮೀಟರಿಗೆ ಬಂತು.

ಎದುರುಪಡೆಯ ಗೆಳೆಯರಿಗೂ ಒಂದು ಮಾತು ತಲುಪಿಸಿ. ಅಕ್ಟೋಬರ್ 19ರ ದಾಳಿಯಲ್ಲಿದ್ದ ಕಂಪನಿ ಕಡೆಯ ಗೋರಾ ರೆಜಿಮೆಂಟುಗಳು 36 ಮತ್ತು 71ನೆಯವು. ಎರಡರದೂ ಕೆಂಪಂಗಿಯಾದರೂ ಕಾಲರು, ತೋಳಿನ ಮಡಿಕೆಗಳು ಮೊದಲನೆಯದಕ್ಕೆ ಹಸಿರು, ಎರಡನೆಯದಕ್ಕೆ ಹಸಿಚರ್ಮದ ಬಣ್ಣ. ಅದೊಂದು ಸರಿಯಿದ್ದರೆ ದೂರದಿಂದಲೇ ಪಡೆಯ ಗುರುತು ಹತ್ತುತ್ತದೆ.

ಉತ್ತರ 3: ಚಾಂಪಿಯನ್ ರೀಫ್, ಕೆ.ಜಿ.ಎಫ್.

ವಾಷ್‌ನ ಬಿಳಿ ಗೆರೆಯ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ತಾವು ಬೋರ್‌ವೆಲ್ ನೀರು ಬಳಸುತ್ತಿದ್ದೀರೆಂದು ಕಾಣುತ್ತದೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಆಳದ ಕೊಳವೆಬಾವಿಯ ನೀರು ಗಡಸು. ಪಾತ್ರೆಯಡಿಯಲ್ಲಿ ಕಟ್ಟುವ ಸುಣ್ಣವೇ ತಮ್ಮ ಬೊಂಬೆಯ ಮೇಲೂ ಕಟ್ಟಿದೆ. ವಾಹನದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ತಂದಿಟ್ಟುಕೊಂಡರೆ ಪಂದ್ಯ ಮುಗಿದರೂ ನೀರು ಮುಗಿಯುವುದಿಲ್ಲ. ಕಾಫಿ ಕಲೆಯಂಥ ಅಂಚಿಗೆ ಕಾರಣ ಬೇರೆ. ಬರೀ ನೀರಿನಲ್ಲಿ ತೆಳುಮಾಡಿದ ಬಣ್ಣ ಒಣಗುವಾಗ ಅಂಚಿಗೆ ಹರಿದು ಅಲ್ಲೇ ನಿಲ್ಲುತ್ತದೆ. ಅರ್ಧ ನೀರು, ಅರ್ಧ ಮ್ಯಾಟ್ ಮೀಡಿಯಂ (ಬಣ್ಣಕ್ಕೆ ಬೆರೆಸುವ, ಹೊಳಪಿಲ್ಲದ ದ್ರವ) ಬೆರೆಸಿ, ನಿಂತ ಕೊಳಗಳನ್ನು ಒದ್ದೆ ಮಾಡಿ ಹಿಂಡಿದ ಕುಂಚದಿಂದ ಹೀರಿ ತೆಗೆಯಬೇಕು.

ನಾನು ಬರೆಯಲು ಕುಳಿತದ್ದು ಬೊಂಬೆಯ ಕಾಲಡಿಯ ನೆಲದ ಬಗ್ಗೆ, ಏಕೆಂದರೆ ಅದನ್ನು ಎಲ್ಲರೂ ಕೊನೆಯ ರಾತ್ರಿಗೆ ಉಳಿಸಿಕೊಳ್ಳುತ್ತಾರೆ. ಕೋಲಾರದ ಕೆಂಪು ಮಣ್ಣನ್ನೇ ಬಾಣಲೆಯಲ್ಲಿ ಹುರಿದು, ಟೀ ಸೋಸುವ ಜರಡಿಯಲ್ಲಿ ಜಾಲಿಸಿ, ಫೆವಿಕಾಲ್ ಬಳಿದ ಬೇಸಿನ (ಬೊಂಬೆ ನಿಲ್ಲುವ ತಳದ ಬಿಲ್ಲೆಯ) ಮೇಲೆ ಉದುರಿಸಬಹುದು. ಜರಡಿ ಏಕೆಂದರೆ, ಎಂ-ಸ್ಯಾಂಡಿನ ಒಂದು ಮಿಲಿಮೀಟರಿನ ಕಾಳು ಈ ಅಳತೆಯಲ್ಲಿ ಆರು ಸೆಂಟಿಮೀಟರಿನ ಕಲ್ಲಾಗುತ್ತದೆ. ಅಂಟು ಹೀರಿದ ಕೆಂಪು ಮಣ್ಣು ಒಣಗಿದ ಮೇಲೆ ಕೆಂಪಾಗಿ ಉಳಿಯದೆ ಮಂಕು ಕಂದಾಗುವುದರಿಂದ, ಮೇಲೊಂದು ಇಟ್ಟಿಗೆ ಬಣ್ಣ ಬಳಿದು ಓಕರಿನಲ್ಲಿ ಡ್ರೈಬ್ರಷ್ ಮಾಡಲೇಬೇಕು, ಎಂದರೆ ಬಣ್ಣ ಬಹುಮಟ್ಟಿಗೆ ಒರೆಸಿದ ಕುಂಚವನ್ನು ಮೇಲೆ ಸವರಲೇಬೇಕು. ನಿಜವಾದ ಮಣ್ಣಿಗೇ ಮಣ್ಣಿನ ಬಣ್ಣ ಹಚ್ಚಬೇಕಾಗಿ ಬರುವುದು ಈ ಹವ್ಯಾಸದ ವಿಚಿತ್ರ.

ನಮ್ಮ ಊರಿಗೆ ಬಂದು ಸೈನೈಡ್ ಗುಡ್ಡದ ಮರಳನ್ನು ಮಾತ್ರ ಯಾರೂ ತುಂಬಿಕೊಂಡು ಹೋಗಬೇಡಿ. ಹಿಟ್ಟಿನಷ್ಟು ನುಣುಪಾಗಿದೆ, ಬೇಸಿಗೆ ಹೇಳಿ ಮಾಡಿಸಿದಂತಿದೆ ಎಂದು ಒಬ್ಬರು ಚೀಲ ಹಿಡಿದು ಬಂದದ್ದನ್ನು ಕಂಡಿದ್ದೇನೆ. ಅದು ಚಿನ್ನದ ಅದಿರನ್ನು ಅರೆದು ಸೈನೈಡಿನಿಂದ ಸಂಸ್ಕರಿಸಿ ಬಿಸಾಡಿದ ಪುಡಿ. ಗಣಿ 2001ರಲ್ಲಿ ಮುಚ್ಚಿದರೂ ಆ ಧೂಳು ಗಾಳಿ ಬಂದಾಗಲೆಲ್ಲ ನಮ್ಮ ಮನೆಗಳಿಗೆ ಬರುತ್ತಲೇ ಇದೆ. ಅಷ್ಟು ನುಣುಪಾದ ಕಲ್ಲಿನ ಪುಡಿಯನ್ನು ಊಟದ ಮೇಜಿನ ಮೇಲೆ ಜಾಲಿಸುವುದು ಸಲ್ಲದು.

ಜಾಗ ಉಳಿದರೆ ಬೇಸಿನ ಮೂಲೆಯಲ್ಲಿ ನಾಲ್ಕು ಸಾಸಿವೆ ಕಾಳು ಅಂಟಿಸಿ ಕಪ್ಪು ಬಳಿಯಿರಿ. 1.7 ಮಿಲಿಮೀಟರಿನ ಕಾಳು ಅರವತ್ತು ಪಟ್ಟಾದರೆ ಹತ್ತು ಸೆಂಟಿಮೀಟರ್, ಒಂಬತ್ತು ಪೌಂಡಿನ ಫಿರಂಗಿ ಗುಂಡಿನ ಸರಿಯಾದ ಗಾತ್ರ.

ಪ್ರಶ್ನಿಸಿದವರಿಂದ: ಕ್ಯಾತ್ಸಂದ್ರದ ಕುಂಚ

ಮೂವರಿಗೂ ಧನ್ಯವಾದಗಳು. ಭಾನುವಾರ ಬೆಳಿಗ್ಗೆ ಐದೂ ಬೊಂಬೆಗಳನ್ನು ಉಜ್ಜಿ ನೋಡಿದೆ. ಮೂರು ನಯವಾದವು, ಎರಡರ ಬೆನ್ನು ಇನ್ನೂ ಒರಟಾಗಿಯೇ ಇದೆ, ಅವನ್ನು ಕೊನೆಯ ಸಾಲಿಗೆ ಸೇರಿಸುತ್ತೇನೆ. ಬ್ಯಾಟರಿ ನೀರಿನಲ್ಲಿ ಮಾಡಿದ ವಾಷ್ ಬಿಳಿ ಗೆರೆಯಿಲ್ಲದೆ ಒಣಗಿತು. ಬೋರ್‌ವೆಲ್ ನೀರೇ ಎಂಬ ಊಹೆ ನಿಜ. 17ಕ್ಕೂ ಮೈಬಣ್ಣ ಮತ್ತು ಅಂಗಿ ಎರಡು ಸಂಜೆಗಳಲ್ಲಿ ಮುಗಿದವು, ಆದರೆ ಹಂತಕ್ಕೆ ನಾಲ್ಕು ನಿಮಿಷ ನನ್ನ ಕೈಗೆ ಸಾಲದು, ಆರು ಬೇಕಾಗುತ್ತಿದೆ. ಮುಖದ ವಿಷಯದಲ್ಲಿ ಚಿಕ್ಕಬಳ್ಳಾಪುರದವರ ಮಾತೇ ಸರಿಯೆನಿಸಿತು: ಓಕರಿನಲ್ಲಿ ಎತ್ತಿದ ಹೊಸ ಮುಖಗಳ ಪಕ್ಕದಲ್ಲಿ ನನ್ನ ಹಳೆಯ ಏಳು ಮುಖಗಳು ಕಾಯಿಲೆಯಿಂದ ಎದ್ದವರಂತೆ ಕಾಣುತ್ತಿರುವುದರಿಂದ, ಅವನ್ನು ಮುಂದಿನ ಸಾಲಿಗೆ ಹಾಕುವ ಮೊದಲು ಮತ್ತೆ ಬರೆಯಬೇಕಾಗಿದೆ. ಸಾಸಿವೆಯನ್ನು ಅಡುಗೆಮನೆಯಿಂದ ಕೇಳಿ ತಂದಿಟ್ಟುಕೊಂಡಿದ್ದೇನೆ. ಹುಳು ಹಿಡಿಯದಂತೆ ಅದನ್ನೂ ಮಣ್ಣಿನಂತೆ ಬಾಣಲೆಯಲ್ಲಿ ಹುರಿಯಬೇಕೇ?

ಚಾಂಪಿಯನ್ ರೀಫ್, ಕೆ.ಜಿ.ಎಫ್.

ಬೇಡ, ಬಾಣಲೆಗೆ ಹಾಕಿದರೆ ಸಿಡಿದು ಒಗ್ಗರಣೆಯಾದೀತು. ಎರಡು ದಿನ ಬಿಸಿಲಿನಲ್ಲಿಟ್ಟು ಅಂಟಿಸಿ, ಮೇಲೆ ವಾರ್ನಿಷ್ ಬಳಿದರೆ ಸಾಕು.