ಅಪ್‌ಡೇಟ್: ಗುಂಡಿಗೆ ಕಾಗದ ಸುತ್ತುವುದರ ಮರ್ಮ ತಿಳಿಯಿತು

1858ರ ಸುರಪುರದ ದಂಗೆಯ ಕುರಿತು ಓದುತ್ತಿದ್ದಾಗ, ಕರಿಮದ್ದಿನ ರೈಫಲ್‌ಗಳ ಸೀಸದ ಗುಂಡಿಗೆ ಕಾಗದ ಏಕೆ ಸುತ್ತುತ್ತಿದ್ದರು, ಅದು ನಳಿಗೆಯೊಳಗೇ ಸುಟ್ಟುಹೋಗುವುದಿಲ್ಲವೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಹಿರಿಯರ ಸಲಹೆಯಂತೆ ಯಾದಗಿರಿಯ ಬಡಗಿಯೊಬ್ಬರಿಂದ ಗುಂಡಿನ ಆಕಾರದ ಮರದ ತುಂಡನ್ನು ಮಾಡಿಸಿಕೊಂಡು, ಸುತ್ತುವುದನ್ನಷ್ಟೇ ಅಭ್ಯಾಸ ಮಾಡಿದೆ. ಇಂತಹ ಬಂದೂಕಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕಾದ್ದರಿಂದ ಸೀಸಕ್ಕೂ ಮದ್ದಿಗೂ ಕೈಹಾಕಲಿಲ್ಲ.

ತೆಳುವಾದರೂ ಗಟ್ಟಿಯಾದ ಕಾಗದವನ್ನು ಎರಡು ಸುತ್ತಿಗೆ ಸರಿಹೊಂದುವಂತೆ ಅಳೆದು, ತುದಿಗಳನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ನೆನೆಸಿ ಸುತ್ತಿದರೆ ಅಂಚುಗಳು ಒಂದರ ಮೇಲೊಂದು ಏರದೆ ಪಕ್ಕಪಕ್ಕದಲ್ಲೇ ಕೂಡುತ್ತವೆ. ಒಣಗಿದಾಗ ಕಾಗದ ಕುಗ್ಗಿ ಹಲಗೆಯ ಚರ್ಮದಂತೆ ಬಿಗಿಯುತ್ತದೆ. ಅಂಚು ತುಸು ಏರಿದರೂ ಬೆರಳಿಗೆ ತಿಳಿಯುತ್ತದೆ.

ಮದ್ದು ಸಿಡಿದಾಗ ಸೀಸ ಉಬ್ಬುತ್ತದೆ. ಕಾಗದವು ನಳಿಗೆಯ ಸುರುಳಿ ಗೀರುಗಳನ್ನು ಹಿಡಿದು, ಸೀಸ ಉಕ್ಕಿಗೆ ಮೆತ್ತದಂತೆ ತಡೆದು, ಹೊರಬಿದ್ದೊಡನೆ ಗುಂಡಿನಿಂದ ಕಳಚಿ ಉದುರುತ್ತದೆ. 1853ರ ಎನ್‌ಫೀಲ್ಡ್ ರೈಫಲ್‌ನ ನಳಿಗೆಯ ಒಳವ್ಯಾಸ 0.577 ಅಂಗುಲ, ಅದಕ್ಕಿಂತ ಸಣ್ಣದಾದ ಗುಂಡು ಜಿಡ್ಡಿನ ಕಾಗದದೊಡನೆಯೇ ಒಳಗಿಳಿಯುತ್ತಿತ್ತು. 1857ರಲ್ಲಿ ಸಿಪಾಯಿಗಳು ಒಲ್ಲೆವೆಂದ ತೋಟೆಯೂ (ಮದ್ದು, ಗುಂಡು ಎರಡನ್ನೂ ಒಟ್ಟಿಗೆ ಸುತ್ತಿದ ಕಾಗದದ ಸುರುಳಿ) ಇದೇ. ಹಲ್ಲಿನಿಂದ ಕಚ್ಚುತ್ತಿದ್ದುದು ಮದ್ದಿನ ತುದಿಯನ್ನು, ಜಿಡ್ಡು ಹಚ್ಚುತ್ತಿದ್ದುದು ಗುಂಡಿನ ತುದಿಗೆ ಎಂಬುದು ನನಗೆ ಈಗ ಸ್ಪಷ್ಟವಾಗಿದೆ.