ಎರಡು ಅಡಿಯ ಗಿಡದ ಅಕ್ವೇರಿಯಂಗೆ ಕಡಿಮೆ ಖರ್ಚಿನ ತಳಮಣ್ಣು ಯಾವುದು?

ತುಮಕೂರಿನ ಹೊಸಬ

ನಮಸ್ಕಾರ. ನನ್ನ ಬಳಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಅಕ್ವೇರಿಯಂ ಇದೆ. ಇಷ್ಟು ದಿನ ಬಣ್ಣದ ಜಲ್ಲಿ ಹಾಸಿ ಗಪ್ಪಿಗಳನ್ನು ಸಾಕುತ್ತಿದ್ದವನು ಈಗ ವ್ಯಾಲಿಸ್ನೇರಿಯ, ಕ್ರಿಪ್ಟೊಕೋರೈನ್ ಮತ್ತು ಒಂದು ಅಮೆಜಾನ್ ಸ್ವೋರ್ಡ್ ನೆಡಬೇಕೆಂದಿದ್ದೇನೆ. ಆಮದಾದ ಅಕ್ವಾಸಾಯಿಲ್ (ಅಕ್ವೇರಿಯಂ ಗಿಡಗಳಿಗೆಂದೇ ತಯಾರಿಸಿದ ಮಣ್ಣಿನ ಉಂಡೆಗಳು) ನನ್ನ ಕೈಗೆಟುಕುವುದಿಲ್ಲ. ತಳಕ್ಕಾಗಿ 600 ರೂಪಾಯಿಗಿಂತ ಹೆಚ್ಚು ವೆಚ್ಚ ಮಾಡಲಾರೆ. ಅಂಗಡಿಯವರು ಎರೆಗೊಬ್ಬರ ಹಾಕಿ ಎಂದರು, ಚಿಕ್ಕಪ್ಪ ಎರೆಮಣ್ಣು ತಂದುಕೊಡುತ್ತೇನೆ ಎನ್ನುತ್ತಾರೆ. ಗಿಡಗಳಿಗೆ ಕೊಡಲು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲ. ನೀರು ಕೊಳವೆಬಾವಿಯದು, ಕಾಯಿಸಿದ ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟುತ್ತದೆ.

ಜರಡಿ

ಎರೆಗೊಬ್ಬರಕ್ಕೂ ಎರೆಮಣ್ಣಿಗೂ ಹೆಸರಿನ ನಂಟು ಮಾತ್ರ. ಒಂದು ಎರೆಹುಳುವಿನ ಗೊಬ್ಬರ, ಇನ್ನೊಂದು ಹತ್ತಿ ಬೆಳೆಯುವ ಕಪ್ಪುಮಣ್ಣು. ಎರೆಮಣ್ಣಿಗೆ ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚೇನೋ ನಿಜ, ಆದರೆ ಅದು ನೆನೆದಾಗ ಉಬ್ಬಿ ಅಂಟಾಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಸುಣ್ಣದ ಹರಳುಗಳೂ ಇರುವುದರಿಂದ ಮೊದಲೇ ಗಡಸಾಗಿರುವ ನಿಮ್ಮ ನೀರು ಇನ್ನಷ್ಟು ಗಡಸಾದೀತು. ಚಿಕ್ಕಪ್ಪನವರಿಗೆ ಕೆಂಪುಮಣ್ಣು ತರಲು ಹೇಳಿ. ರಸಗೊಬ್ಬರವಾಗಲಿ ಔಷಧಿಯಾಗಲಿ ಬೀಳದ ಜಾಗದಲ್ಲಿ, ಮೇಲಿನ ಗೇಣುದ್ದ ಮಣ್ಣನ್ನು ಸರಿಸಿ, ಕೆಳಗಿನದನ್ನು ತೆಗೆಯಬೇಕು. ಕೆಂಪು ಬಣ್ಣವೆಂದರೆ ಕಬ್ಬಿಣದ ಆಕ್ಸೈಡ್. ಮಣ್ಣಿನ ಮೇಲೆ ಹಾಸುವ ಮರಳಿನ ಕೆಳಗೆ ಆಮ್ಲಜನಕ ಕಡಿಮೆಯಾದಾಗ ಅದೇ ಕಬ್ಬಿಣ ಬೇರುಗಳು ಹೀರಬಲ್ಲ ರೂಪಕ್ಕೆ ಇಳಿಯುತ್ತದೆ, ಸ್ವೋರ್ಡ್ ಗಿಡಕ್ಕೆ ಬೇಕಾದದ್ದೂ ಅದೇ.

ಮಣ್ಣನ್ನು ಬಕೆಟ್ಟಿನಲ್ಲಿ ಕದಡಿ, ತೇಲುವ ನಾರು, ಬೇರು, ಕಸವನ್ನು ಚೆಲ್ಲಿ, ಬಿಸಿಲಿನಲ್ಲಿ ಒಣಗಿಸಿ, ಮತ್ತೆ ನೆನೆಸಿ, ಹೀಗೆ ಮೂರು ನಾಲ್ಕು ಸಲ ಮಾಡಿದರೆ ಮೀನಿಗೆ ವಿಷವಾಗುವ ಅಮೋನಿಯ ಬಿಡುವ ಹಸಿ ಪದಾರ್ಥ ಬಹುಪಾಲು ಕಳೆದುಹೋಗುತ್ತದೆ. ಆಮೇಲೆ ಜರಡಿ ಹಿಡಿಯಿರಿ. ತಳದಲ್ಲಿ 2.5 ಸೆಂ.ಮೀ. ದಪ್ಪ ಸಾಕು, ನಿಮ್ಮ ಅಳತೆಗೆ ಅದು ನಾಲ್ಕೂವರೆ ಲೀಟರ್ ಮಣ್ಣು. ಅದರಲ್ಲಿ ಹತ್ತನೇ ಒಂದು ಪಾಲು ಹಳೆಯ ಎರೆಗೊಬ್ಬರ ಸೇರಿಸಬಹುದು.

ಬಾವಿಕಟ್ಟೆ

ಮಣ್ಣಿನ ಮಾತು ಒಪ್ಪುತ್ತೇನೆ, ಗೊಬ್ಬರದ ಮಾತು ಒಪ್ಪಲಾರೆ. ನಾನು ಮೊದಲ ಸಲ ಎರೆಗೊಬ್ಬರವನ್ನು ಮೂರನೇ ಒಂದು ಪಾಲು ಬೆರೆಸಿ, ನಾಲ್ಕನೇ ದಿನ ಮೀನು ಬಿಟ್ಟೆ. ಮರುದಿನ ಬೆಳಿಗ್ಗೆ ಗಪ್ಪಿಗಳೆಲ್ಲ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ನಿಂತಿದ್ದವು. ಸಂಜೆಗೆ ಆರು ಸತ್ತಿದ್ದವು. ಗಡಸು ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸಾಮಾನ್ಯವಾಗಿ ಹೆಚ್ಚಿರುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷಕಾರಿ ರೂಪದ್ದು ಶೇ. 1ಕ್ಕಿಂತ ಕಡಿಮೆ, ಪಿಎಚ್ 8 ಆದರೆ ಅದು ಶೇ. 5ರಷ್ಟಾಗುತ್ತದೆ. ಅದೇ ಗೊಬ್ಬರ ಮೆದು ನೀರಿನವರ ಮನೆಯಲ್ಲಿ ತೊಂದರೆ ಕೊಡದೆ ಇದ್ದೀತು. ಮೊದಲ ಪ್ರಯತ್ನಕ್ಕೆ ಬರೀ ಕೆಂಪುಮಣ್ಣು ಹಾಕಿ, ಗಿಡಗಳನ್ನು ಒತ್ತಾಗಿ ನೆಟ್ಟು, ಗಪ್ಪಿಗಳನ್ನು ಆರು ವಾರ ಬೇರೆ ತೊಟ್ಟಿಯಲ್ಲಿಡಿ; ಮೀನಿನ ತ್ಯಾಜ್ಯವೇ ಮುಂದೆ ಸಾರಜನಕ ಒದಗಿಸುತ್ತದೆ.

ಅಕ್ವಾಸಾಯಿಲ್ ಸಿಗಲಿಲ್ಲವೆಂದು ಕೊರಗಬೇಡಿ. ನೀರನ್ನು ಆಮ್ಲೀಯವಾಗಿಸುವ ಅದರ ಗುಣ ಇಂಥ ಕೊಳವೆಬಾವಿ ನೀರಿನಲ್ಲಿ ಬೇಗ ಸವೆದುಹೋಗುತ್ತದೆ. ಇನ್ನೊಂದು ಮಾತು: ಹೊಲದ ಡಿಎಪಿ, ಯೂರಿಯಾ ಒಂದು ಕಾಳೂ ಬೇಡ.

ಜರಡಿ

ಗಡಸು ನೀರಿನ ಬಗ್ಗೆ ಬಾವಿಕಟ್ಟೆಯವರು ಹೇಳಿದ್ದು ಸರಿ. ಗೊಬ್ಬರದ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ.

ಮರಳುಗಾಡು

ಮುಚ್ಚುವ ಮರಳಿನ ಬಗ್ಗೆ ಯಾರೂ ಹೇಳಲಿಲ್ಲ, ಕೆಲಸ ಕೆಡುವುದು ಅಲ್ಲೇ. ಕಾಳು 1ರಿಂದ 2 ಮಿ.ಮೀ. ಇರಲಿ. ಹಿಟ್ಟಿನಂಥ ಮರಳು ಗಾಳಿಯಾಡದಂತೆ ಕೂತು ಕೊಳೆತ ಮೊಟ್ಟೆಯ ವಾಸನೆಗೆ ದಾರಿ ಮಾಡುತ್ತದೆ, ದಪ್ಪ ಜಲ್ಲಿಯಾದರೆ ಸಂದಿನಿಂದ ಮಣ್ಣು ಮೇಲೆದ್ದು ಬರುತ್ತದೆ. ಎಂ-ಸ್ಯಾಂಡ್ ಅಗ್ಗ, ಗಪ್ಪಿಗಳಿಗೆ ತೊಂದರೆಯಿಲ್ಲ, ಆದರೆ ಅದರ ಕಲ್ಲುಪುಡಿ ಹೋಗುವಷ್ಟು ತೊಳೆಯುವುದು ಒಂದು ತಪಸ್ಸು; ಮುಂದೆ ತಳ ಕೆದಕುವ ಕೋರಿಡೋರಸ್ ಮೀನು ಸಾಕುವುದಾದರೆ ಅದರ ಚೂಪು ಅಂಚು ಬೇಡ. 3 ಸೆಂ.ಮೀ. ದಪ್ಪಕ್ಕೆ ಸುಮಾರು 9 ಕೆ.ಜಿ. ಬೇಕು. ಒಣಮರಳಿನ ಮೇಲೆ ವಿನೆಗರ್ ಹನಿಸಿ ನೋಡಿ; ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆ. ನೀರು ತುಂಬುವಾಗ ತಟ್ಟೆಯ ಮೇಲೆ ನಿಧಾನವಾಗಿ ಸುರಿಯಿರಿ, ಬೇರೂರಿದ ಗಿಡವನ್ನು ಕೀಳಬೇಕಾದರೆ ಕತ್ತರಿಯಿಂದ ಬೇರು ಕತ್ತರಿಸಿ ತೆಗೆಯಿರಿ.

ತುಮಕೂರಿನ ಹೊಸಬ

ಎಲ್ಲರಿಗೂ ಧನ್ಯವಾದ. ಮೂರು ಸಲ ತೊಳೆದು ಒಣಗಿಸಿದ ಕೆಂಪುಮಣ್ಣು ಟೆರೇಸಿನ ಮೇಲೆ ಬಿರುಕು ಬಿಟ್ಟು ಬಿಲ್ಲೆಗಳಂತೆ ಎದ್ದಿದೆ. ಮರಳಿಗೆ ವಿನೆಗರ್ ಹಾಕಿದರೆ ನೊರೆ ಬರಲಿಲ್ಲ, ಆದರೆ ಹಳೆಯ ಬಣ್ಣದ ಜಲ್ಲಿಯೊಳಗಿನ ಬಿಳಿ ಕಲ್ಲುಗಳು ಬುಸುಗುಟ್ಟಿದವು. ಅವನ್ನು ತೆಗೆದಿಟ್ಟಿದ್ದೇನೆ. ಈವರೆಗಿನ ಖರ್ಚು, ಮರಳಿನ ಆಟೋ ಬಾಡಿಗೆಯೂ ಸೇರಿ, 240 ರೂಪಾಯಿ. ಉಳಿದ ಹಣಕ್ಕೆ ಇನ್ನೆರಡು ಕ್ರಿಪ್ಟೊಕೋರೈನ್ ತರುತ್ತೇನೆ.